ಕಟ್ಟು ಬಿಚ್ಚಿಡಿ

ಹರಿಹರದ ನಮ್ಮ ತವರುಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿದು ಹೋಗುವ ಕಡೆ ಪುದೀನ ಹಬ್ಬಿಕೊಂಡಿತ್ತು. ಯಾರು ನೆಟ್ಟರೋ ಯಾರಿಗೂ ನೆನಪಿಲ್ಲ. ತುಂಗಭದ್ರೆ ಸೊರಗುವ ಏಪ್ರಿಲ್ ಬಿಸಿಲಲ್ಲೂ ಆ ಒಂದು ಮಾರು ನೆಲ ಹಸಿರಾಗಿಯೇ ಇರುತ್ತಿತ್ತು. ಒಲೆಯ ಮೇಲೆ ಬಾಣಲೆ ಇಟ್ಟು ಅವ್ವ ಕೂಗಿದರೆ, ಓಡಿಹೋಗಿ ನಾಲ್ಕು ಕುಡಿ ಚಿವುಟಿ ತರುತ್ತಿದ್ದೆ. ಸೊಪ್ಪನ್ನು ಕೆಡದ ಹಾಗೆ ಇಟ್ಟುಕೊಳ್ಳುವ ಮಾತೇ ಅಲ್ಲಿರಲಿಲ್ಲ.

ಮದುವೆಯಾಗಿ ದಾವಣಗೆರೆಗೆ ಬಂದೆ. ದೂರ ಬರೀ 14 ಕಿಲೋಮೀಟರ್. ಆದರೆ ಇಲ್ಲಿ ಪುದೀನ ಕಟ್ಟಿನ ಲೆಕ್ಕಕ್ಕೆ ಬಂತು. ಬೇಕಾದದ್ದು ಒಂದು ಹಿಡಿ, ತರಬೇಕಾದದ್ದು ಒಂದು ಕಟ್ಟು. ಉಳಿದದ್ದನ್ನು ಕವರಿನ ಬಾಯಿ ಬಿಗಿದು ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ಮೂರನೆಯ ದಿನ ತೆಗೆದರೆ ಎಲೆ ಕಪ್ಪಾಗಿ, ಲೋಳೆಗಟ್ಟಿ, ಕೈಗೆ ಅಂಟುತ್ತಿತ್ತು. ಸೊಪ್ಪು ಮಾರುವ ಅಜ್ಜಿಯ ಹತ್ತಿರ ಇದನ್ನು ಹೇಳಿಕೊಂಡಾಗ ಅವರು ಅಂದರು: “ಕೊಯ್ದ ಮ್ಯಾಲೂ ಸೊಪ್ಪು ಉಸಿರಾಡ್ತೈತಿ ನನ್ನವ್ವಾ. ನೀ ಬಾಯಿ ಕಟ್ಟಿ ಇಟ್ರ ಅದೇನು ಮಾಡೀತು?”

ಆ ಮಾತು ಅಕ್ಷರಶಃ ನಿಜ. ಬೇರು ಬಿಟ್ಟು ಬಂದ ಎಲೆಯೂ ಉಸಿರಾಡುತ್ತದೆ, ಬೆವರುತ್ತದೆ. ಬಿಗಿದ ಕವರಿನೊಳಗೆ ಆ ಬೆವರು ಹನಿಗಟ್ಟಿ ಎಲೆಯ ಮೇಲೇ ಬೀಳುತ್ತದೆ, ಕೊಳೆ ಶುರುವಾಗುತ್ತದೆ. ಅಂದಿನಿಂದ ನಾನು ಮನೆಗೆ ಬಂದ ಕೂಡಲೇ ಕಟ್ಟು ಬಿಚ್ಚುತ್ತೇನೆ. ಹಣ್ಣೆಲೆ, ನಲುಗಿದ ಎಲೆ ಆರಿಸಿ ತೆಗೆದು, ದಂಟಿನ ತುದಿ ಕತ್ತರಿಸಿ, ಎರಡು ಬೆರಳು ನೀರಿರುವ ಲೋಟದಲ್ಲಿ ಹೂವಿನ ಹಾಗೆ ನಿಲ್ಲಿಸುತ್ತೇನೆ. ಮೇಲೊಂದು ಸಡಿಲ ಹೊದಿಕೆ. ಎರಡು ದಿನಕ್ಕೊಮ್ಮೆ ನೀರು ಬದಲು. ತೊಳೆಯುವುದು ಮಾತ್ರ ಅಡುಗೆಗೆ ತೆಗೆದಾಗಲೇ. ಹೀಗಿಟ್ಟರೆ ವಾರವಾದರೂ ಎಲೆ ಬಾಡುವುದಿಲ್ಲ. ಒಣಗಿಸಿಡುವವರು ನೆರಳಲ್ಲೇ ಒಣಗಿಸಿ. ಪುದೀನದ ಪರಿಮಳವೆಲ್ಲ ಬೇಗ ಆರಿಹೋಗುವ ಎಣ್ಣೆಯಲ್ಲಿದೆ, ಬಿಸಿಲಿಗೆ ಅದು ನಿಲ್ಲುವುದಿಲ್ಲ.

ಅಡುಗೆಯಲ್ಲೂ ಅಷ್ಟೇ, ಅದಕ್ಕೆ ಹೆಚ್ಚು ಬೆಂಕಿ ಆಗದು. ಪಲಾವಿನಲ್ಲಿ ಅರ್ಧ ಸೊಪ್ಪು ಒಗ್ಗರಣೆಗೆ, ಇನ್ನರ್ಧ ಇಳಿಸುವ ಹೊತ್ತಿಗೆ. ಚಟ್ನಿಗೆ ಪುದೀನ, ಹಸಿಮೆಣಸಿನಕಾಯಿ, ಹುರಿಗಡಲೆ, ಚೂರು ಹುಣಸೆ, ಉಪ್ಪು. ತಣ್ಣೀರು ಹಾಕಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗಿ ಬಣ್ಣ ಕಂದುತ್ತದೆ. ನಮ್ಮೂರ ಭಟ್ಟಿಯ ಗರಿಗರಿ ಮಂಡಕ್ಕಿಗೆ ಈ ಚಟ್ನಿ ಎರಡು ಚಮಚ, ಹೆಚ್ಚಿದ ಈರುಳ್ಳಿ ಒಂದು ಹಿಡಿ ಹಾಕಿ ಕಲಸಿ, ಪಕ್ಕದಲ್ಲಿ ಬಿಸಿ ಮಿರ್ಚಿ ಇಟ್ಟುಕೊಂಡರೆ ಸಂಜೆಗೆ ಬೇರೆ ತಿಂಡಿ ಬೇಡ.

ತವರಿನ ಆ ಹಿತ್ತಲು ಈಗಿಲ್ಲ, ಅಲ್ಲೊಂದು ಮನೆ ಎದ್ದಿದೆ. ಆದರೆ ಒಮ್ಮೆ ಲೋಟದಲ್ಲಿ ಮರೆತುಬಿಟ್ಟ ಎರಡು ದಂಟು ಹತ್ತು ದಿನಕ್ಕೆ ಬಿಳಿ ಬೇರು ಬಿಟ್ಟಿದ್ದವು, ದಾರದಷ್ಟು ಸಣ್ಣವು. ಹಳೆಯ ಎಣ್ಣೆ ಡಬ್ಬಿಗೆ ಮಣ್ಣು ತುಂಬಿ ನೆಟ್ಟೆ. ಈಗ ಡಬ್ಬಿಯ ಅಂಚು ದಾಟಿ ಇಳಿಬಿದ್ದಿದೆ.

ಇವತ್ತು ಮಾರ್ಕೆಟ್‌ನಿಂದ ಪುದೀನ ತಂದರೆ, ಚೀಲ ಕೆಳಗಿಟ್ಟ ತಕ್ಷಣ ಕಟ್ಟು ಬಿಚ್ಚಿ. ಎಲೆ ಬಿಡಿಸಿದ ಮೇಲೆ ಗಟ್ಟಿಯಾದ ಎರಡು ದಂಟನ್ನು ಎಸೆಯದೆ ನೀರಿಗೆ ಹಾಕಿಡಿ.