ಸೂಜಿಯ ಕೂಲಿ



ವೇದಿಕೆಯ ಮೇಲಿರುವ ಹಿರಿಯರೆ, ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಹಳ್ಳಿ-ತಾಂಡಾಗಳಿಂದ ಗಂಟು ಹೊತ್ತು ಬಂದಿರುವ ಅಕ್ಕ-ತಂಗಿಯರೆ, ಕೊಳ್ಳಲು ಬಂದವರೆ, ಸುಮ್ಮನೆ ನೋಡಿ ಹೋಗೋಣ ಅಂತ ಬಂದವರೆ,

ಈ ಸಂತೆಗೆ ಕರೆಯಲು ಬಂದಾಗ ಸಂಘಟಕರು, "ಸಂಸ್ಕೃತಿ ಬಗ್ಗೆ ಒಂದೆರಡು ಮಾತು ಹೇಳ್ರಿ ಸರ್" ಅಂದರು. ಆಯ್ತು ಅಂದೆ. ಆಮೇಲೆ ಯೋಚಿಸಿದರೆ ಹೆದರಿಕೆಯಾಯಿತು. ಶರಣರ ಬಸವಕಲ್ಯಾಣದಲ್ಲಿ ನಿಂತು ಸಂಸ್ಕೃತಿಯ ಬಗ್ಗೆ ಉಪದೇಶ ಮಾಡುವುದೆಂದರೆ ಸಣ್ಣ ಧೈರ್ಯ ಸಾಲದು. ಹಾಗಾಗಿ ನಾನು ಇವತ್ತು ರೊಕ್ಕದ ಬಗ್ಗೆ ಮಾತಾಡುತ್ತೇನೆ. ಅದಕ್ಕೂ ಮೊದಲು ಸ್ವಲ್ಪ ಥಂಡಿಯ ಬಗ್ಗೆ.

ರಾಜ್ಯದಲ್ಲಿ ಚಳಿ ಅಂದರೆ ಮಡಿಕೇರಿ, ಚಿಕ್ಕಮಗಳೂರು ಎಂದು ಬೆಂಗಳೂರಿನವರು ನಂಬಿದ್ದಾರೆ. ಆದರೆ ಡಿಸೆಂಬರಿನ ಹವಾಮಾನ ವರದಿ ಕೇಳಿದರೆ ಅತಿ ಕಡಿಮೆ ಉಷ್ಣಾಂಶದ ಸಾಲಿನಲ್ಲಿ ಬೀದರಿನ ಹೆಸರು ಎಷ್ಟೋ ಸಲ ಬಂದಿರುತ್ತದೆ. ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದು ನಮಗೇನೂ ಹೊಸದಲ್ಲ. ನಾವು ಸಮುದ್ರದಿಂದ ದೂರ, ದಖ್ಖನ್ ಪ್ರಸ್ಥಭೂಮಿಯ ಎತ್ತರದ ಮೇಲೆ ಕುಳಿತವರು. ಮಳೆಗಾಲ ಮುಗಿದು ಆಕಾಶ ತೊಳೆದಂತಾದ ಮೇಲೆ, ಹಗಲು ಕುಡಿದ ಬಿಸಿಲನ್ನೆಲ್ಲ ನೆಲ ರಾತ್ರಿ ಬಿಟ್ಟುಕೊಡುತ್ತದೆ. ಮಧ್ಯಾಹ್ನ ಬೆವರು, ನಸುಕಿನಲ್ಲಿ ನಡುಕ. ಇಂಥ ಊರಿನಲ್ಲಿ ಹೊದಿಕೆ ಅನ್ನುವುದು ಅಲಂಕಾರದ ವಸ್ತುವಾಗಲು ಸಾಧ್ಯವೇ ಇಲ್ಲ.

ಈ ಥಂಡಿ ಇನ್ನೊಂದನ್ನೂ ತರುತ್ತದೆ: ಬಿಡುವು. ದೀಪಾವಳಿ ಹೊತ್ತಿಗೆ ಸೋಯಾ, ಉದ್ದು, ಹೆಸರು ಹೊಲದಿಂದ ಎದ್ದಿರುತ್ತವೆ. ಹಿಂಗಾರಿಯ ಜೋಳ, ಕಡಲೆ ಬಿತ್ತಿಯಾಗಿರುತ್ತದೆ. ಕರಿ ಎರೆಮಣ್ಣು ಒಳಗೆ ಹಿಡಿದಿಟ್ಟ ತೇವದಲ್ಲಿ, ಮೇಲಿನಿಂದ ಬೀಳುವ ಇಬ್ಬನಿಯಲ್ಲಿ ಅವು ತಮ್ಮ ಪಾಡಿಗೆ ಬೆಳೆಯುತ್ತವೆ. ತೊಗರಿ ಕೊಯ್ಲಿಗೆ ಇನ್ನೂ ಕೆಲವು ದಿನ ಇರುತ್ತದೆ. ಈ ಸಂದಿಯಲ್ಲೇ ನಮ್ಮ ಹೆಣ್ಮಕ್ಕಳ ಕೈಗೆ ಸೂಜಿ ಬಂದದ್ದು. ಬಿಸಿಲಿಗೆ ಬೆನ್ನು ಕೊಟ್ಟು ಅಂಗಳದಲ್ಲಿ ನಾಲ್ಕು ಜನ ಕೂತರೆ ಒಂದು ಕೌದಿ ಸಾಗುತ್ತದೆ, ಅದರ ಜೊತೆಗೆ ಊರ ಸುದ್ದಿಯೂ ಸಾಗುತ್ತದೆ.

ಆದರೆ ಬಿಡುವು ಎಲ್ಲರ ಪಾಲಿಗೂ ಒಂದೇ ಅಲ್ಲ. ಹೊಲ ಇದ್ದವರಿಗೆ ಅದು ಬಿಡುವು. ಇಲ್ಲದವರಿಗೆ ಕೆಲಸವಿಲ್ಲದ ದಿನಗಳು. ದಸರೆ-ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಲಂಬಾಣಿ ತಾಂಡಾಗಳಿಂದ ಗಾಡಿಗಳು ಹೊರಡುತ್ತವೆ. ಕಬ್ಬು ಕಡಿಯಲು, ಪುಣೆ-ಮುಂಬೈ-ಹೈದರಾಬಾದಿನ ಕಟ್ಟಡಗಳಲ್ಲಿ ಇಟ್ಟಂಗಿ ಹೊರಲು. ಕಾಂಚಳಿ ಅನ್ನುವ ರವಿಕೆಗೆ ಕನ್ನಡಿ ಕೂಡಿಸುವ ಬೆರಳುಗಳು, ಫೇಟಿಯಾ ಅನ್ನುವ ಲಂಗದ ಅಂಚಿಗೆ ಕವಡಿ ಹೊಲಿಯುವ ಬೆರಳುಗಳು ಈ ಹೊತ್ತಿನಲ್ಲಿ ಯಾವುದೋ ಕಬ್ಬಿನ ಗದ್ದೆಯಲ್ಲಿ ಕೊಯ್ತ ಹಿಡಿದಿವೆ. ಅಲ್ಲಿ ಬಲಗಡೆ ತುದಿಯ ಮಳಿಗೆಯಲ್ಲಿ ಲಂಬಾಣಿ ಕಸೂತಿ ಯಾಕೆ ಇಷ್ಟು ಕಡಿಮೆ ಅಂತ ಯಾರೋ ಆಗಲೇ ಕೇಳುತ್ತಿದ್ದರು. ಉತ್ತರ ಇದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕು ವರ್ಷಗಳಾದವು. ಅದೇ ಸೂಜಿ, ಅದೇ ಟಾಕೆ ನಮ್ಮಲ್ಲೂ ಇದೆ. ಕೈ ಇಲ್ಲಿ ಉಳಿಯಬೇಕಲ್ಲ.

ಇನ್ನು ಕೌದಿ. ಇಲ್ಲಿರುವ ತಾಯಂದಿರಿಗೆ ನಾನು ಕೌದಿ ಹೊಲಿಯುವುದನ್ನು ಹೇಳಿಕೊಡುವಷ್ಟು ಮೂರ್ಖನಲ್ಲ. ಆದರೆ ಕೊಳ್ಳಲು ಬಂದಿರುವ ಪೇಟೆಯವರು ಒಮ್ಮೆ ಕಣ್ಣಿಟ್ಟು ನೋಡಲಿ ಅಂತ ಹೇಳುತ್ತೇನೆ. ಹಳೆಯ ಸೀರೆ, ಧೋತರಗಳನ್ನು ಒಗೆದು, ನೆಲಕ್ಕೆ ಹಾಸಿ, ಸುಕ್ಕು ಬಿಡಿಸಿ, ನಾಲ್ಕು ಮೂಲೆಗೆ ಕಲ್ಲಿಡುತ್ತಾರೆ. ಅದರ ಮೇಲೆ ಪದರದ ಮೇಲೆ ಪದರ. ಎಲ್ಲಕ್ಕಿಂತ ಮೇಲೆ ಬಣ್ಣದ ತುಂಡುಗಳು: ಮಗಳ ಲಂಗದ್ದು, ತಮ್ಮನ ಅಂಗಿಯದ್ದು, ಅಜ್ಜಿಯ ಇಳಕಲ್ ಸೀರೆಯ ಸೆರಗು. ಆಮೇಲೆ ಅಂಚಿನಿಂದ ಹೊಲಿಗೆ ಶುರು. ಒಂದು ಸುತ್ತು ಮುಗಿದರೆ ಬೆರಳಗಲ ಒಳಗೆ ಇನ್ನೊಂದು ಸುತ್ತು, ಹೀಗೆ ನಡುವಿನವರೆಗೆ. ಆ ಸಾಲುಗಳು ಬರೀ ಚೆಂದಕ್ಕಲ್ಲ. ಪದರಗಳು ಜಾರದಂತೆ, ನಡುವೆ ಸಿಕ್ಕ ಗಾಳಿ ಅಲ್ಲೇ ನಿಲ್ಲುವಂತೆ ಹಿಡಿಯುವುದು ಅವೇ. ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಆ ನಿಂತ ಗಾಳಿ. ಒಗೆದು ಒಗೆದು ಗಂಜಿ ಬಿಟ್ಟು ಮೆತ್ತಗಾದ ಹಳೇ ಹತ್ತಿಬಟ್ಟೆಯೇ ಯಾಕೆ ಬೇಕು ಅಂತ ಹಸುಗೂಸಿನ ಚರ್ಮವನ್ನು ಕೇಳಬೇಕು. ಈಗಿನ ಪಾಲಿಯೆಸ್ಟರ್ ಸೀರೆಯಲ್ಲಿ ಕೌದಿ ಮಾಡಿದರೆ ಪದರ ಜಾರುತ್ತದೆ, ಬೆವರು ಹೀರುವುದಿಲ್ಲ. ಕೊಳ್ಳುವಾಗ ಅಂಗೈಯಿಂದ ಒತ್ತಿ ನೋಡಿ. ಹತ್ತಿ ಯಾವುದು, ಅಲ್ಲದ್ದು ಯಾವುದು ಕೈಗೇ ಗೊತ್ತಾಗುತ್ತದೆ.

ಪುಣೆ-ಹೈದರಾಬಾದ್ ಹೆದ್ದಾರಿ ನಮ್ಮ ಹುಮನಾಬಾದಿನ ಮೇಲೆಯೇ ಹೋಗುತ್ತದೆ. ಪಶ್ಚಿಮಕ್ಕೆ ಹೋದರೆ ಸೊಲ್ಲಾಪುರ, ಅಲ್ಲಿಯ ಚಾದರ ನಮ್ಮ ಮನೆಮನೆಯಲ್ಲೂ ಇದೆ. ಉತ್ತರದಿಂದ ಪಾಣಿಪತ್‌ನ ದಪ್ಪ ಬ್ಲಾಂಕೆಟ್ ಬರುತ್ತದೆ, ಹುಲಿ, ನವಿಲು, ಗುಲಾಬಿ ಚಿತ್ರ ಹೊತ್ತು. ನಾನು ಅವನ್ನು ಬೈಯುವುದಿಲ್ಲ. ಬಡವರಿಗೆ ಅಗ್ಗದಲ್ಲಿ ಬೆಚ್ಚಗಿನ ಹೊದಿಕೆ ಸಿಕ್ಕರೆ ಬೈಯಲು ನಾನ್ಯಾರು? ಆದರೆ ಒಂದು ಸಂಗತಿ ನೋಡಿ. ದೇಶ-ವಿದೇಶಗಳ ಹಳೇ ಬಟ್ಟೆ ರಾಶಿ ರಾಶಿಯಾಗಿ ಪಾಣಿಪತ್‌ಗೆ ಬರುತ್ತದೆ, ಯಂತ್ರದಲ್ಲಿ ಹರಿದು ನೂಲಾಗುತ್ತದೆ, ಮತ್ತೆ ಕಂಬಳಿಯಾಗುತ್ತದೆ. ಅದಕ್ಕೆ ಈಗ ಮರುಬಳಕೆ ಉದ್ಯಮ ಅಂತ ದೊಡ್ಡ ಹೆಸರು, ಪತ್ರಿಕೆಗಳಲ್ಲಿ ಲೇಖನ. ನಮ್ಮ ಅವ್ವಂದಿರು ಇದನ್ನೇ ಒಂದು ಸೂಜಿಯಲ್ಲಿ ಮಾಡಿದರೆ ಅದಕ್ಕೆ ನಾವು ಕೊಟ್ಟ ಹೆಸರು "ಖಾಲಿ ಕೂತಿದ್ದಾಗ ಮಾಡೋ ಕೆಲಸ".

ಕಂಬಳಿಯ ಕಥೆಯೂ ಬೇರೆಯಲ್ಲ. ದಖ್ಖನಿ ಕುರಿಯ ಕರಿ ಉಣ್ಣೆ, ಹಾಸುನೂಲಿಗೆ ಹುಣಸೆ ಬೀಜದ ಗಂಜಿ, ಗುಂಡಿ ಮಗ್ಗ. ಒರಟು ನಿಜ, ಆದರೆ ಮಳೆ ಬಂದರೆ ತಲೆಯ ಮೇಲೆ ಕೊಪ್ಪೆ, ರಾತ್ರಿ ಹೊದಿಕೆ, ಮದುವೆಯಲ್ಲಿ ಹಾಸು. ಇವತ್ತು ಇಲ್ಲಿ ಬೆರಳೆಣಿಕೆಯಷ್ಟು ಬಂದಿವೆ.

ಈಗ ರೊಕ್ಕದ ಮಾತಿಗೆ ಬರುತ್ತೇನೆ. ಇದೇ ಕಲ್ಯಾಣದ ರಾಜ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಅದರಲ್ಲಿ ಅನ್ನಭೋಗಕ್ಕೆ ಒಂದು ಭಾಗ, ವಸ್ತ್ರಭೋಗಕ್ಕೆ ಒಂದು ಭಾಗ. ರಾಜನ ಪುಸ್ತಕ ಉಣ್ಣುವವನ, ಉಡುವವನ ಕಡೆಯಿಂದ ಬರೆದದ್ದು. ಅದೇ ಶತಮಾನದಲ್ಲಿ, ಇದೇ ಊರಿನಲ್ಲಿ ಶರಣರ ಗುಂಪು ಮಾಡುವವರ ಕಡೆಯಿಂದ ಮಾತಾಡಿತು. ಬಿದಿರು ಹೆಣೆಯುವ ಮೇದಾರ ಕೇತಯ್ಯ, ರಾಟೆಯ ಮುಂದೆ ಕೂತ ಕದಿರ ರೆಮ್ಮವ್ವೆ, ಸೂಜಿ ಹಿಡಿದ ಸೂಜಿಕಾಯಕದ ರಾಮಿತಂದೆ, ಹಗ್ಗ ಹೊಸೆಯುವ ನುಲಿಯ ಚಂದಯ್ಯ. ತ್ರಿಪುರಾಂತಕ ಕೆರೆಯ ಬಳಿ ಚಂದಯ್ಯನವರ ಗವಿಗೆ ನೀವೆಲ್ಲ ಹೋಗಿಬಂದವರೇ.

ಚಂದಯ್ಯನವರ ಕಥೆಯಲ್ಲಿ ಲಿಂಗ ಜಾರಿ ಬಿದ್ದದ್ದು, ಕಾಯಕ ಬಿಟ್ಟು ಅದನ್ನು ಎತ್ತಿಕೊಳ್ಳಲು ಅವರು ಒಪ್ಪದೇ ಇದ್ದದ್ದು ಎಲ್ಲರಿಗೂ ಗೊತ್ತು. ಅದರ ಮುಂದಿನ ಭಾಗ ನನಗೆ ಹೆಚ್ಚು ಇಷ್ಟ. ಕೊನೆಗೆ ಲಿಂಗದೇವನೇ ಕೆಲಸಕ್ಕೆ ನಿಂತು, ಚಂದಯ್ಯ ಹೊಸೆದ ಹಗ್ಗ ಮಾರಲು ಹೋಗುತ್ತಾನೆ. ಬಸವಣ್ಣನವರು ಭಕ್ತಿಯಿಂದ ಅದಕ್ಕೆ ಸಾವಿರ ಹೊನ್ನು ಕೊಡುತ್ತಾರೆ. ಖುಷಿಯಿಂದ ತಂದರೆ ಚಂದಯ್ಯ ಒಲ್ಲೆ ಅನ್ನುತ್ತಾರೆ. ಹಗ್ಗಕ್ಕೆ ಹಗ್ಗದ ಬೆಲೆ ಬರಬೇಕು, ಅಷ್ಟೇ. ದೇವರೇ ಮಾರಾಟಕ್ಕೆ ಹೋಗಿ ಬಂದರೂ ಲೆಕ್ಕ ಲೆಕ್ಕವೇ.

ನಾವು ಈ ಕಥೆಯನ್ನು ಹೆಚ್ಚು ತೆಗೆದುಕೊಳ್ಳಬಾರದು ಎಂಬುದಕ್ಕೆ ಮಾತ್ರ ಹೇಳುತ್ತಾ ಬಂದಿದ್ದೇವೆ. ಕಡಿಮೆ ಕೊಡಬಾರದು ಎಂಬುದೂ ಅದರಲ್ಲೇ ಇದೆ. ಸರಿಯಾದ ಬೆಲೆ ಎಂದರೆ ಎರಡೂ ಕಡೆ ಸರಿಯಾಗಿರಬೇಕಲ್ಲ?

ಒಂದು ಲೆಕ್ಕ ಹಾಕೋಣ. 2025-26ನೇ ಸಾಲಿನಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಒಂದು ದೊಡ್ಡ ಕೌದಿಗೆ ಒಬ್ಬರ ಹದಿನೈದು ದಿನದ ಕೆಲಸ ಹಿಡಿಯಿತು ಅಂತಿಟ್ಟುಕೊಳ್ಳಿ. ಕೂಲಿಯೇ 5,550 ರೂಪಾಯಿ. ಬಟ್ಟೆ, ದಾರ ಬೇರೆ. ಆಗಲೇ ಇಲ್ಲಿಯ ಒಂದು ಮಳಿಗೆಯಲ್ಲಿ ಕೌದಿಗೆ ಬೆಲೆ ಹೇಳಿದ ತಾಯಿ ಇದರ ಅರ್ಧವನ್ನೂ ಹೇಳಲಿಲ್ಲ, ಅದಕ್ಕೂ ಕಾರು ನಿಲ್ಲಿಸಿ ಬಂದ ಒಬ್ಬ ಸಾಹೇಬರು "ಹಳೇ ಬಟ್ಟೇನ ಅಲ್ಲೇನವ್ವ?" ಅಂದರು. ಅವರು ಈಗ ಸಭೆಯಲ್ಲಿದ್ದಾರೋ ಇಲ್ಲವೋ, ಇದ್ದರೆ ನಮಸ್ಕಾರ. ಬಟ್ಟೆ ಹಳೆಯದು ಸರ್. ಹದಿನೈದು ದಿನ ಮಾತ್ರ ಹೊಸದಾಗಿಯೇ ಹೋದದ್ದು.

ಬೀದರಿನ ಬಿದ್ರಿಗೆ ಇಂಥ ಅವಮಾನ ಆಗುವುದಿಲ್ಲ. ಸತು-ತಾಮ್ರದ ಎರಕ, ಬೆಳ್ಳಿಯ ತಂತಿ, ಕೋಟೆಯ ಮಣ್ಣು. ಬಂದ ಗಣ್ಯರಿಗೆಲ್ಲ ನಾವು ಕೊಡುವುದು ಅದನ್ನೇ. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಹೆಮ್ಮೆ ಪಟ್ಟಿತು, ಪಡಲೇಬೇಕಾದ್ದು. ಬಿದ್ರಿ ಕಾರ್ಖಾನೆಯಲ್ಲಿ, ಉಸ್ತಾದರ ಕೈಕೆಳಗೆ ಕಲಿಯುವ ಕಸುಬು. ಕೌದಿ ಅಡುಗೆಮನೆಯ ಪಕ್ಕದಲ್ಲಿ ಹುಟ್ಟಿದ್ದು. ಅದಕ್ಕೇ ಉಸ್ತಾದರೂ ಇಲ್ಲ, ಹೆಸರೂ ಇಲ್ಲ.

ಹೆಸರು ಅಂದಾಗ ಒಂದು ಸಲಹೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಗೆ ಹೋದವರು ಆ ಶಿಲಾಬಾಲಿಕೆಯನ್ನು ನೋಡಿರುತ್ತೀರಿ. ಬಳುಕಿ ನಿಂತು, ಕಲ್ಲಿನ ಮೇಲೆ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಾಲು ಬರೆಯುತ್ತಿದ್ದಾಳೆ. ಬರೆಯುವ ಹೆಣ್ಣನ್ನು ನಮ್ಮ ಶಿಲ್ಪಿ ಸಾವಿರ ವರ್ಷದ ಹತ್ತಿರ ಹಿಂದೆಯೇ ಕೆತ್ತಿಟ್ಟ. ಆದರೆ ಆಕೆ ಬರೆದದ್ದು ರಾಜನ ಹೆಸರನ್ನು. ಅಕ್ಕಂದಿರೆ, ನೀವು ನಿಮ್ಮ ಹೆಸರು ಬರೆಯಿರಿ. ಕೌದಿಯ ಒಂದು ಮೂಲೆಯಲ್ಲಿ ದಾರದಿಂದಲೇ ಹೆಸರು, ಊರು, ವರ್ಷ ಹೊಲಿದುಬಿಡಿ. ಅಕ್ಷರ ಬಾರದವರಿದ್ದರೆ ಒಂದು ಗುರುತಾದರೂ ಇರಲಿ. ನಾಳೆ ಇದೇ ಕೌದಿ ಯಾವುದೋ ದೊಡ್ಡ ಊರಿನ ಅಂಗಡಿಯಲ್ಲಿ ಹತ್ತುಪಟ್ಟು ಬೆಲೆಗೆ ತೂಗಿದರೆ, ಹೊಲಿದವರು ಯಾರು ಅಂತ ಕೊಂಡವನಿಗೆ ಗೊತ್ತಾಗಬೇಕು.

ಇಷ್ಟು ಹೇಳಿದ ಮೇಲೆ ತಿನ್ನುವ ಕಡೆಗೆ ಬರದಿದ್ದರೆ ಎಳ್ಳಮಾಸಿ ಮುನಿಸಿಕೊಳ್ಳುತ್ತದೆ. ಹಬ್ಬ ಬಾಗಿಲಲ್ಲೇ ಇದೆ. ನಮ್ಮ ಮಾಣಿಕನಗರದಲ್ಲಿ ದತ್ತ ಜಯಂತಿಯ ಹುಣ್ಣಿಮೆ ಕಳೆದ ಮೇಲಿನ ಅಮಾವಾಸ್ಯೆಗೆ ಈ ಸೀಮೆಯ ಊರುಗಳೆಲ್ಲ ಖಾಲಿಯಾಗಿ ಹೊಲಗಳು ತುಂಬುತ್ತವೆ. ಜೋಳದ ಕಣಿಕೆಯ ಗೂಡು, ಅದರೊಳಗೆ ಪಾಂಡವರೆಂದು ಐದು ಕಲ್ಲು, ಪೂಜೆ, ಚರಗ. ಆಮೇಲೆ ಭಜ್ಜಿ. ಬೆಂಗಳೂರಿನವರಿಗೆ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು. ನಮ್ಮ ಭಜ್ಜಿ ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯೆ, ಉಳ್ಳಾಗಡ್ಡಿ ಸೊಪ್ಪು, ಗಜ್ಜರಿ, ಬದನೆ, ಆ ಹೊತ್ತಿನಲ್ಲಿ ಹೊಲದಲ್ಲಿ ಏನೇನಿದೆಯೋ ಅದೆಲ್ಲ ಸೇರಿ, ಹುಣಸೆಹುಳಿ ಕಡಲೆಹಿಟ್ಟಿನಲ್ಲಿ ಕುದ್ದದ್ದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಂಬಲಿ ಜೊತೆಗೆ. ಹೊಲವೇ ಪಾತ್ರೆಗೆ ಇಳಿದಂತೆ.

ಇಲ್ಲಿ ಹಿಂಡಿಯ, ಅಂದರೆ ಚಟ್ನಿಪುಡಿಯ ಮಳಿಗೆಗಳಿವೆ: ಶೇಂಗಾ, ಅಗಸಿ, ಗುರೆಳ್ಳು. ಕಟಕ ರೊಟ್ಟಿ ಇದೆ, ಶೇಂಗಾ ಹೋಳಿಗೆ ಇದೆ. ಇವು ಡಬ್ಬಿಗೆ ಹೋಗಲಿ, ಪಾರ್ಸಲ್ ಆಗಲಿ, ಪುಣೆಗೆ ಹೋಗಿ ಮಾರಾಟವಾಗಲಿ. ಆದರೆ ಕೆಲವನ್ನು ಡಬ್ಬಿಗೆ ಹಾಕಲು ಬರುವುದಿಲ್ಲ. ಕಡಲೆ ಹೊಲದ ಮೇಲೆ ರಾತ್ರಿ ತೆಳು ಬಟ್ಟೆ ಹಾಸಿ, ಎಲೆಯ ಹುಳಿ ಕೂಡಿದ ಇಬ್ಬನಿಯನ್ನು ನಸುಕಿನಲ್ಲಿ ಹಿಂಡಿ ಸೀಸೆ ತುಂಬುತ್ತಿದ್ದ ಅಜ್ಜಿಯರು ಇನ್ನೂ ಕೆಲವು ಊರಲ್ಲಿದ್ದಾರೆ. ಹೊಟ್ಟೆನೋವಿಗೆ ಅವರು ಕೊಡುತ್ತಿದ್ದ ಔಷಧ ಅದೇ. ಅದಕ್ಕೆ ಲೇಬಲ್ ಹಚ್ಚುವುದು ಹೇಗೆ? ಸೀತನಿಯದೂ ಅದೇ ಮಾತು. ಹಾಲುಗಾಳಾದ ಬಿಳಿಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹೂತು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿ, ಊದಿ, ಬೆಲ್ಲದ ಜೊತೆ ಬಾಯಿಗೆ ಹಾಕಿಕೊಳ್ಳಬೇಕು. ತೆನೆ ಆ ಹದದಲ್ಲಿ ಇರುವುದು ಕೆಲವೇ ದಿನ. ಮೇಲಾಗಿ ಜಿಲ್ಲೆಯಲ್ಲಿ ಸೋಯಾ ಹೆಚ್ಚಿದಂತೆ ಜೋಳ ಹಿಂದೆ ಸರಿದಿದೆ. ಜೋಳ ಇಲ್ಲದಿದ್ದರೆ ಸೀತನಿಯೂ ಇಲ್ಲ, ಅಮಾಸಿಯ ಗೂಡಿಗೆ ಕಣಿಕೆಯೂ ಇಲ್ಲ, ದನಕ್ಕೆ ಮೇವೂ ಇಲ್ಲ. ಹೊಲ ಇದ್ದವರು ಬದುವಿನ ಪಕ್ಕ ನಾಲ್ಕು ಸಾಲಾದರೂ ಜೋಳ ಬಿಡಿ ಅಂತ ಕೇಳಿಕೊಳ್ಳುತ್ತೇನೆ. ಇದಕ್ಕೆ ಯಾವ ಯೋಜನೆಯೂ ಬೇಡ, ಸಬ್ಸಿಡಿಯೂ ಬೇಡ.

ಸಂಘಟಕರು ಆಗಲೇ ಗಡಿಯಾರ ನೋಡುತ್ತಿದ್ದಾರೆ. ದೀಪ ಹಚ್ಚಿಯಾಗಿದೆ, ಆದರೂ ಬಾಯಿಂದ ಹೇಳಬೇಕಂತೆ: ಸಂತೆ ಉದ್ಘಾಟನೆಯಾಯಿತು. ಮಳಿಗೆಯವರಿಗೆ ಒಂದು ಮಾತು, ಮೊದಲು ಹೇಳಿದ ಬೆಲೆಗೆ ಗಟ್ಟಿಯಾಗಿ ನಿಲ್ಲಿ, ಜೊತೆಗೆ ಪಾಲಿಯೆಸ್ಟರ್ ಇದ್ದರೆ ಪಾಲಿಯೆಸ್ಟರ್ ಅಂತಲೇ ಹೇಳಿ. ಕೊಳ್ಳುವವರಿಗೆ, ಚೌಕಾಸಿ ಮಾಡಲೇಬೇಕೆಂಬ ಚಟವಿದ್ದರೆ ಹೊರಗೆ ಪ್ಲಾಸ್ಟಿಕ್ ಬಕೀಟು ಮಾರುವವರಿದ್ದಾರೆ, ಅಲ್ಲಿ ತೀರಿಸಿಕೊಂಡು ಬನ್ನಿ. ಹಿಂಭಾಗದಲ್ಲಿ ಸೀತನಿಗೆ ಕುಳ್ಳು ಹಚ್ಚಿದ್ದಾರೆ, ಹೊಗೆ ವೇದಿಕೆಗೂ ಬರುತ್ತಿದೆ. ನಾನು ಮೊದಲು ಕೌದಿಯ ಮಳಿಗೆಗೆ ಹೋಗುತ್ತೇನೆ, ನೀವು ಸೀತನಿಯ ಕಡೆಗೆ ಹೋಗಿ. ಸಾಲು ದೊಡ್ಡದಾಗುವ ಮೊದಲು ನನಗೂ ಒಂದು ತೆನೆ ಹಿಡಿದಿಡಿ.