ಪ್ಲಾಸ್ಟಿಕ್ ಹುಳುವಿನ ಗಾಳ

ಕಳೆದ ಭಾನುವಾರ ಮಾತಿನ ನಡುವೆ ಗಾಳದ ಪ್ರಸ್ತಾಪ ಬಂತು. "ಪೂರ್ತಿ ಹೇಳದೆ ಹಾಡು ಹಾಕಿಬಿಟ್ಟಿರಲ್ಲ" ಎಂದು ನಿಮ್ಮಲ್ಲಿ ಕೆಲವರು ಜಗಳ ತೆಗೆದಿರಿ. ಸಮಯ ಮುಗಿದಿತ್ತು, ಏನು ಮಾಡಲಿ! ಉಳಿದದ್ದನ್ನೂ ಸೇರಿಸಿ ಇಲ್ಲಿ ಕೊಟ್ಟಿದ್ದೇನೆ.

ನಮ್ಮಣ್ಣ ಇರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ಅಪ್ಪ ತೀರಿಕೊಂಡ ಮೇಲೆ ಊರಿನ ಜಮೀನಿನ ವಿಷಯಕ್ಕೆ ನಮ್ಮಿಬ್ಬರ ಮಾತು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಹಬ್ಬಕ್ಕೊಂದು ಫೋನು, "ಚೆನ್ನಾಗಿದ್ದೀಯಾ?", ಅಷ್ಟೆ. ಈ ಯುಗಾದಿಗೆ ಫೋನ್ ಮಾಡಿದವನು ಇದ್ದಕ್ಕಿದ್ದಂತೆ, "ಅಪ್ಪ ನಾಲೆ ದಂಡೆಯಲ್ಲಿ ಎರೆಹುಳು ಪೋಣಿಸುತ್ತಿದ್ದದ್ದು ನೆನಪಿದೆಯಾ? ನಾನಿಲ್ಲಿ ಪ್ಲಾಸ್ಟಿಕ್ ಹುಳು ಪೋಣಿಸ್ತೀನಿ ಕಣೋ" ಎಂದ. ಆ ದಿನ ಮುಕ್ಕಾಲು ಗಂಟೆ ಮಾತಾಡಿದೆವು.

ಅವನು ಹಿಡಿಯುವ ಮೀನು ಲಾರ್ಜ್‌ಮೌತ್ ಬಾಸ್. ಹೆಸರಿಗೆ ತಕ್ಕ ದೊಡ್ಡ ಬಾಯಿ. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಎಂಬಾತ ಹಿಡಿದದ್ದು ಹತ್ತು ಕಿಲೋಗೂ ಮೇಲಿತ್ತು. ಆ ದಾಖಲೆಗೆ ಜೋಡಿ ಸಿಕ್ಕಿದ್ದು 2009ರಲ್ಲಿ, ಅದೂ ಜಪಾನಿನ ಬಿವಾ ಸರೋವರದಲ್ಲಿ!

ಹುಳುವಿನ ಕಥೆ ಶುರುವಾಗುವುದು ಅಡುಗೆಮನೆಯಲ್ಲಿ. 1949ರಲ್ಲಿ ಒಹಾಯೊ ರಾಜ್ಯದ ಆಕ್ರನ್ ಊರಿನ ನಿಕ್ ಕ್ರೀಮ್, ಮನೆಯ ಒಲೆಯ ಮೇಲೆ ಪ್ಲಾಸ್ಟಿಕ್ ಕರಗಿಸಿ, ಬಣ್ಣ ಬೆರೆಸಿ, ನಿಜವಾದ ಎರೆಹುಳುವಿನ ಅಚ್ಚಿಗೆ ಹೊಯ್ದ. ಹೆಂಡತಿಯೂ ಕೈಗೂಡಿಸಿದಳಂತೆ. ನಮ್ಮ ಮನೆಯಲ್ಲಾಗಿದ್ದರೆ ಪಾತ್ರೆಯ ಜೊತೆ ನಾನೂ ಹೊರಗೆ!

ಈಗ ಪೋಣಿಸುವ ವಿಷಯ. ಬಾಸ್ ಇರುವುದು ಜೊಂಡಿನಲ್ಲಿ, ಮುಳುಗಿದ ಮರಗಳ ಸಂದಿಯಲ್ಲಿ. ಕೊಕ್ಕೆ ಬಿಚ್ಚಿಕೊಂಡಿದ್ದರೆ ಮೊದಲು ಸಿಗುವುದು ಮೀನಲ್ಲ, ಕೊಂಬೆ. ಅದಕ್ಕೇ 'ಟೆಕ್ಸಾಸ್ ರಿಗ್'. ಬಂದೂಕಿನ ಗುಂಡಿನಂಥ ಸೀಸದ ತೂಕವನ್ನು, ಚೂಪು ತುದಿ ಮೇಲಕ್ಕಿರುವಂತೆ, ಮೊದಲು ದಾರಕ್ಕೆ ಏರಿಸಿ. ಆಮೇಲೆ ಕೊಕ್ಕೆ ಕಟ್ಟಿ. ಕೊಕ್ಕೆಯ ಮೊನೆಯನ್ನು ಹುಳುವಿನ ತಲೆಗೆ ನೇರ ಚುಚ್ಚಿ, ಅರ್ಧ ಸೆಂಟಿಮೀಟರ್ ಆದ ಮೇಲೆ ಪಕ್ಕದಿಂದ ಹೊರಗೆ ತನ್ನಿ. ತಲೆಯನ್ನು ಕೊಕ್ಕೆಯ ಕಣ್ಣಿನವರೆಗೂ ಎಳೆದು, ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ. ಈಗ ಹುಳುವನ್ನು ಕೊಕ್ಕೆಯ ಪಕ್ಕ ಇಳಿಬಿಟ್ಟು, ಬಾಗು ಎಲ್ಲಿಗೆ ಬರುತ್ತದೆಂದು ನೋಡಿಕೊಳ್ಳಿ. ಅದೇ ಜಾಗದಲ್ಲಿ ಮೊನೆಯನ್ನು ಮೈಯೊಳಗೆ ತೂರಿಸಿ, ಸಿಪ್ಪೆಯ ಅಡಿಯಲ್ಲೇ ಅಡಗಿಸಿ.

ಈ ಅಳತೆಯಲ್ಲೇ ಎಲ್ಲ ಇರುವುದು. ಒಂದು ಕಾಳಿನಷ್ಟು ಮುಂದೆ ಚುಚ್ಚಿದರೂ ಹುಳು ಮುದುರಿಕೊಳ್ಳುತ್ತದೆ. ಎಳೆದಾಗ ಗಿರಗಿರನೆ ತಿರುಗಿ ದಾರವೆಲ್ಲ ಸಿಕ್ಕು. ಸೋಮಾರಿಗಳಿಗೆ 'ವ್ಯಾಕಿ ರಿಗ್' ಇದೆ: ನಡು ಮೈಗೇ ಕೊಕ್ಕೆ ಚುಚ್ಚಿ, ತೂಕವಿಲ್ಲದೆ ಬಿಟ್ಟರೆ, ಎರಡು ತುದಿಗಳೂ ನಡುಗುತ್ತಾ ಇಳಿಯುತ್ತವೆ. ತೆರೆದ ನೀರಿಗೆ ಸರಿ, ಮುಳ್ಳುಕಂಟಿಗಲ್ಲ.

ಬಾಸ್ ಕಚ್ಚಿದಾಗ ದಾರದಲ್ಲಿ ಟಕ್ ಟಕ್ ಎಂದು ಸಣ್ಣದೊಂದು ತಟ್ಟು. ಸಡಿಲ ದಾರ ಸುತ್ತಿಕೊಂಡು ಆಗಲೇ ಜಗ್ಗಬೇಕು. ತಡ ಮಾಡಿದರೆ ಮೀನು ನುಂಗಿಬಿಡುತ್ತದೆ, ಗಂಟಲಿಗೆ ಕೊಕ್ಕೆ ಸಿಕ್ಕ ಮೀನನ್ನು ವಾಪಸ್ ನೀರಿಗೆ ಬಿಟ್ಟರೂ ಬದುಕುವುದು ಕಷ್ಟ. ಹರಿದ ಹುಳುವನ್ನು ನೀರಿಗೆ ಎಸೆಯುವವರ ಮೇಲೆ ಅಣ್ಣನಿಗೆ ಭಾರಿ ಸಿಟ್ಟು. ಅದು ಅಪ್ಪನ ಎರೆಹುಳುವಿನಂತೆ ಕೊಳೆಯುವುದಿಲ್ಲ, ಮೀನಿನ ಹೊಟ್ಟೆ ಸೇರುತ್ತದೆ. ಹರಿದದ್ದೆಲ್ಲ ಅವನ ಜೇಬಿನಲ್ಲೇ ಮನೆಗೆ ಬರುತ್ತದೆ.

ಬಾಸ್ ನಮ್ಮೂರ ನಾಲೆಯಲ್ಲಿಲ್ಲ. ಆದರೂ ಒಂದು ಪೊಟ್ಟಣ ಹುಳು ಕಳಿಸಿದ್ದಾನೆ. ಜೊಂಡಿನಲ್ಲಿ ಅವಿತಿರುವ ಕೊರವ ಮೀನಿಗೆ ನಡೆದೀತೇನೋ ನೋಡು ಎಂದು. ಮೊನ್ನೆ ಮುಂಬಯಿಯ ನಮ್ಮ ಊಟದ ಮೇಜಿನ ಮೇಲೆ ಪೋಣಿಸಿ, ವಿಡಿಯೊ ಕರೆಯಲ್ಲಿ ತೋರಿಸಿದೆ. "ಸೊಟ್ಟಗಿದೆ, ಬಿಚ್ಚು" ಎಂದ. ಮತ್ತೆ ಪೋಣಿಸಿದೆ. "ಅಪ್ಪ ಆಗಿದ್ದರೆ ತಲೆಗೆ ಮೊಟಕುತ್ತಿದ್ದರು" ಎಂದ. ಮೂರನೆಯ ಸಲ ನೇರವಾಯಿತು.

ಜಮೀನಿನ ಮಾತು ಇಬ್ಬರೂ ಇನ್ನೂ ಎತ್ತಿಲ್ಲ. ಈ ಭಾನುವಾರ ನಮ್ಮ ಕಾರ್ಯಕ್ರಮ ಮುಗಿದ ಮೇಲೆ ಮತ್ತೆ ಫೋನ್ ಮಾಡುತ್ತೇನೆ ಎಂದಿದ್ದಾನೆ.