ಗುಂಪಿಗೆ ಬಂದ ಫೈಲು: ತೆರೆಯುವ ಮುನ್ನ ಯೋಚಿಸಿ

(ಚನ್ನಪಟ್ಟಣದ ರೇಷ್ಮೆ ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ರೇಷ್ಮೆ ಮೊಟ್ಟೆ ಕೊಳ್ಳುವಾಗ ನಾವು ಮಾರುವವರ ಮುಖ ನೋಡಿ ನಂಬುವುದಿಲ್ಲ. ಗಂಟುರೋಗವು ತಾಯಿ ಪತಂಗದಿಂದ ಮೊಟ್ಟೆಗೆ ಬರುತ್ತದೆ. ಮೊಟ್ಟೆ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದಲೇ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. 19ನೇ ಶತಮಾನದಲ್ಲಿ ಲೂಯಿ ಪಾಶ್ಚರ್ ಅವರು ಫ್ರಾನ್ಸಿನಲ್ಲಿ ರೂಪಿಸಿದ ಕ್ರಮವಿದು. ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಫೈಲಿನ ವಿಷಯದಲ್ಲೂ ಇದೇ ಎಚ್ಚರ ಬೇಕು.

ಪಿಎಂ ಕಿಸಾನ್ ಕಂತು, ವಾಹನದ ದಂಡ, ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ಮೋಸದ ಫೈಲುಗಳು ಬರುತ್ತಿವೆ. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಕಾಗದವೂ ಅಲ್ಲ, ಚಿತ್ರವೂ ಅಲ್ಲ. ಫೋನಿನೊಳಗೆ ಬೇರೂರುವ ಆ್ಯಪ್. ಅದು ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ, ಬ್ಯಾಂಕಿನಿಂದ ಬರುವ ಓಟಿಪಿ ಸಂದೇಶವನ್ನು ಓದಿ ವಂಚಕರಿಗೆ ಮುಟ್ಟಿಸಬಲ್ಲದು. ‘ನಮ್ಮೂರಿನವರೇ ಕಳಿಸಿದ್ದಾರಲ್ಲ’ ಎನ್ನಬೇಡಿ. ಅವರ ಫೋನು ವಂಚಕರ ವಶವಾಗಿದ್ದರೆ, ಅವರಿಗೆ ಅರಿವಿಲ್ಲದೆಯೇ ಅವರ ಹೆಸರಿನಲ್ಲಿ ಫೈಲು ಹೊರಡುತ್ತದೆ. ಅನುಮಾನ ಬಂದರೆ ಅವರಿಗೆ ಕರೆ ಮಾಡಿ ಕೇಳಿ.

ಗುಂಪಿನ ಸದಸ್ಯರು ಪಾಲಿಸಬೇಕಾದ ಕ್ರಮಗಳು:

1. ಫೈಲು ಕಳಿಸುವಾಗ ಅದೇನೆಂದು ಒಂದು ಸಾಲು ಬರೆಯಿರಿ. ಎಲ್ಲಿಂದ ಬಂದದ್ದೆಂದು ತಿಳಿಯದ್ದನ್ನು ಮುಂದಕ್ಕೆ ಕಳಿಸಬೇಡಿ.

2. ಹಿಪ್ಪುನೇರಳೆ ರೋಗದ ಬಗ್ಗೆ ಕೇಳುವಾಗ ಹತ್ತು ಚಿತ್ರ ಬೇಡ. ಎಲೆಯ ಮೇಲ್ಭಾಗ, ಕೆಳಭಾಗ, ಇಡೀ ಗಿಡ, ಇಷ್ಟು ಸಾಕು. ತಳಿ, ಕಟಾವಾದ ದಿನ, ಸಿಂಪಡಿಸಿದ ಔಷಧಿಯನ್ನು ತಿಳಿಸಿ.

3. ಗೂಡಿನ ಧಾರಣೆ ಪಟ್ಟಿಯಲ್ಲಿ ಮಾರುಕಟ್ಟೆ ಮತ್ತು ದಿನಾಂಕ ಇರಲಿ. ಹಳೆಯ ಧಾರಣೆ ನಂಬಿ ರಾಮನಗರಕ್ಕೆ ಗೂಡು ಒಯ್ದವರ ಪಾಡೇನು?

4. ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಗುಂಪಿಗೆ ಹಾಕಲೇಬೇಡಿ. ಬೇಕಾದ ಅಧಿಕಾರಿಗೆ ಕಚೇರಿಯಲ್ಲೇ ಕೊಡಿ.

5. ಫೈಲುಗಳು ತಾವಾಗಿಯೇ ಇಳಿಯದಂತೆ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ. ಫೋನಿನ ಜಾಗವೂ ಉಳಿಯುತ್ತದೆ.

6. ಎಪಿಕೆ ಫೈಲು ಕಂಡ ಕೂಡಲೇ ಗುಂಪಿನ ಅಡ್ಮಿನ್ ಅದನ್ನು ಎಲ್ಲರಿಗೂ ಅಳಿಸಿ, ಎಚ್ಚರಿಕೆ ಕೊಡಬೇಕು.

ತಪ್ಪಿ ಒತ್ತಿಬಿಟ್ಟರೆ ನಾಚಿಕೆಯಿಂದ ಸುಮ್ಮನಿರಬೇಡಿ. ಕೂಡಲೇ ಆ ಫೋನಿನ ಇಂಟರ್ನೆಟ್ ನಿಲ್ಲಿಸಿ, ಬೇರೆ ಫೋನಿನಿಂದ ಬ್ಯಾಂಕಿಗೂ 1930 ಸಂಖ್ಯೆಗೂ ಕರೆ ಮಾಡಿ. ಹಣ ಕೈದಾಟುವ ಮೊದಲೇ ತಡೆಯಲು ಒಂದೊಂದು ನಿಮಿಷವೂ ಮುಖ್ಯ. ಗುಂಪಿನವರಿಗೂ ಹೇಳಿ. ರೋಗ ಬಂದ ತಟ್ಟೆಯನ್ನು ಬಚ್ಚಿಟ್ಟರೆ ಹುಳುಮನೆಯೆಲ್ಲ ಹಾಳಾಗುವುದು ನಿಮಗೆ ತಿಳಿಯದ್ದೇನಲ್ಲ.